ಎರಡು ಮಡಿ

ಅತ್ತಿಗೆಯ ಹಿತ್ತಿಲನ್ನು ಹಿತ್ತಿಲು ಎಂದು ಕರೆದವರ ಬಾಯಿಗೆ ಸಕ್ಕರೆ ಹಾಕಬೇಕು. ಅದು ನೆಲವೋ ನೀರೋ ಎಂಬುದು ಅದಕ್ಕೇ ಇನ್ನೂ ತೀರ್ಮಾನವಾಗಿರಲಿಲ್ಲ. ಕಾಲಿಟ್ಟರೆ ಒಳಕ್ಕೆಳೆದುಕೊಳ್ಳುತ್ತಿತ್ತು, ಎತ್ತಿದರೆ ಗುಳುಕ್ ಎನ್ನುತ್ತಿತ್ತು. ಯಾವ ಕಾಲದ್ದೋ ಪಾಚಿ, ಹುಲ್ಲು, ಬೇರು ಎಲ್ಲ ನೀರಲ್ಲಿ ಮುಳುಗಿ, ಪೂರ್ತಿ ಕೊಳೆಯಲೂ ಆಗದೆ ಚಿಗುರಲೂ ಆಗದೆ ಒಂದರ ಮೇಲೊಂದು ಮಲಗಿ ಕಪ್ಪಾದ ಜೌಗು ಅದು. ಒಂದು ಹಿಡಿ ತೆಗೆದು ಹಿಂಡಿದರೆ ಚಹಾದ ಬಣ್ಣದ ನೀರು ಸುರಿದು, ಅಂಗೈಯಲ್ಲಿ ನಾರಿನ ಉಂಡೆ ಉಳಿಯುತ್ತಿತ್ತು. ಓಣಿಯ ತುದಿಯ ಕೊನೇ ಸ್ಟಾಪಿಗೆ ಬಸ್ಸು ಬಂದು ನಿಂತರೆ ಸಾಕು, ಹಿತ್ತಿಲಿಗೆ ಹಿತ್ತಿಲೇ ಒಮ್ಮೆ ನಡುಗಿ ಸುಮ್ಮನಾಗುತ್ತಿತ್ತು. ಮನೆ ಮಾತ್ರ ಗಟ್ಟಿ ಬಂಡೆಯ ಮೇಲಿತ್ತು, ಪುಣ್ಯ.

ಅಂಥ ಹಿತ್ತಿಲಲ್ಲಿ ತರಕಾರಿ ಬೆಳೆಯುತ್ತೇನೆ ಎಂದು ಟೊಂಕ ಕಟ್ಟಿ ನಿಂತವಳು ಸೂಜಿ.

ಸೂಜಿ ಎಂಬುದು ಅವಳ ಹೆಸರಲ್ಲ. ಮೈ ಸಣ್ಣ, ಮಾತು ಚೂಪು, ಕಸುಬು ಹೊಲಿಗೆ. ಮೂರೂ ಸೇರಿ ಆ ಅಡ್ಡಹೆಸರು ಅಂಟಿಕೊಂಡು, ನಿಜವಾದ ಹೆಸರು ಅವಳಿಗೇ ಮರೆತಂತಾಗಿತ್ತು. ಹುಡುಗಿಯಾಗಿದ್ದಾಗಿನಿಂದ ಪಟ್ಟಣದ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕೋಟು, ಪ್ಯಾಂಟು, ಲಂಗ, ಪರದೆ ಹೊಲಿಯುತ್ತ ತಲೆ ಬೆಳ್ಳಗೆ ಮಾಡಿಕೊಂಡವಳು. ಮದುವೆ ಗಿದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ‘ಅಳತೆಗೆ ಸರಿಯಾದವನು ಸಿಗಲಿಲ್ಲ’ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಹೋದ ವರ್ಷ ಅವಳ ಎರಡೂ ಕಣ್ಣಿನ ನಟ್ಟನಡುವೆ ಮಂಜು ಬಂದು ಕೂತಿತು. ಯಾವುದನ್ನು ನೇರವಾಗಿ ನೋಡಿದರೆ ಅದೇ ಮಾಯ, ಸುತ್ತಲಿನದು ಮಾತ್ರ ಕಾಣುತ್ತದೆ. ಒಬ್ಬರ ಮುಖ ನೋಡಬೇಕಾದರೆ ಅವರ ಕಿವಿಯನ್ನು ನೋಡಬೇಕು. ಇದು ಹೆಚ್ಚುವುದೂ ಇಲ್ಲ, ಕಮ್ಮಿಯಾಗುವುದೂ ಇಲ್ಲ ಎಂದು ಡಾಕ್ಟರು ಕೈ ಚೆಲ್ಲಿದರು. ದಾರ ಪೋಣಿಸಲಾರದ ದರ್ಜಿಗೆ ಯಾರು ಬಟ್ಟೆ ಕೊಡುತ್ತಾರೆ? ಕತ್ತರಿಯನ್ನು ಅಂಗಡಿಯಲ್ಲೇ ಬಿಟ್ಟು ಮೆಟ್ಟಿಲಿಳಿದಳು.

ಆಗ ಬಂದು ಕೈ ಹಿಡಿದು ಕರೆದುಕೊಂಡು ಹೋದವಳು ಅತ್ತಿಗೆ, ಅಂದರೆ ತೀರಿಹೋದ ಅಣ್ಣನ ಹೆಂಡತಿ. ಬೇಕರಿಯಲ್ಲಿ ಒಲೆಯ ಮುಂದೆ ದುಡಿಯುವ ಹೆಂಗಸು. ದಪ್ಪ ಕೈ, ದಪ್ಪ ಗಂಟಲು, ಹುಬ್ಬಿನ ಮೇಲೆ ಸದಾ ಹಿಟ್ಟು. ಪ್ರೀತಿಯನ್ನೂ ಬೈಗುಳದ ಭಾಷೆಯಲ್ಲೇ ಆಡುವ ಜೀವ ಅದು. ‘ನಾಲ್ಕು ದಿನ ಇದ್ದು ಸುಧಾರಿಸಿಕೋ, ಮುಖ ನೋಡು, ಹಿಂಡಿದ ಬಟ್ಟೆ ಆಗಿದೆ’ ಎಂದಿದ್ದಳು. ಆ ನಾಲ್ಕು ದಿನ ಯಾವಾಗ ಮುಗಿಯಿತೋ, ಮುಗಿದ ಮೇಲೆ ಮುಂದೇನೋ, ಇಬ್ಬರೂ ಬಾಯಿಬಿಡಲಿಲ್ಲ.

ಬಾಯಿಬಿಡದ ಮಾತು ಹೊಟ್ಟೆಯಲ್ಲಿ ಕೂತು ಕಾಡುತ್ತದಲ್ಲ, ಅದು ಸೂಜಿಯನ್ನು ಕಾಡಿತು. ಅಣ್ಣ ಇದ್ದಾಗ ಅದು ಅಣ್ಣನ ಮನೆ. ಅಣ್ಣ ಹೋದ ಮೇಲೆ ಅದು ಅತ್ತಿಗೆಯ ಮನೆ. ಅತ್ತಿಗೆ ಕತ್ತಲಿರುವಾಗಲೇ ಎದ್ದು ಬೆಂಕಿಯ ಮುಂದೆ ಬೆವರು ಸುರಿಸಿ ತಂದ ರೊಟ್ಟಿಯನ್ನು ಕೂತಲ್ಲಿ ಕೂತು ಮುರಿದು ತಿನ್ನುವುದೆಂದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪಟ್ಟಣದಲ್ಲಿ ಕಸುಬು ಬಿಟ್ಟ ದರ್ಜಿಗಳಿಗೆಂದೇ ಒಂದು ನಿಲಯವಿತ್ತು. ಅಲ್ಲೊಂದು ಕೋಣೆ ಖಾಲಿಯಾಗಿದೆ, ಬೇಸಿಗೆ ಮುಗಿಯುವ ತನಕ ನಿಮಗಾಗಿ ಇಟ್ಟಿರುತ್ತೇವೆ, ಬರುವುದಾದರೆ ಹೇಳಿ ಎಂದು ಅಲ್ಲಿಯ ಮೇಲ್ವಿಚಾರಕಿ ಫೋನು ಮಾಡಿದ್ದಳು. ಸೂಜಿ ಒಮ್ಮೆ ಆ ಜಾಗ ನೋಡಿದ್ದಳು. ಫಿನಾಯಿಲ್ ವಾಸನೆಯ ಪಡಸಾಲೆಯಲ್ಲಿ ಮುದುಕಿಯರು ಗೋಡೆಗೆ ಒರಗಿ ಸಾಲಾಗಿ ಕೂತು ಊಟದ ಗಂಟೆಗೆ ಕಾಯುತ್ತಿದ್ದರು. ಹೋಗಲು ಎಳ್ಳಷ್ಟೂ ಮನಸ್ಸಿರಲಿಲ್ಲ. ಇಲ್ಲಿರಬೇಕು, ಈ ಅಡುಗೆಮನೆಯ ಕಿಟಕಿಯ ಬಳಿ ಮುದುಕಿಯಾಗಬೇಕು ಎಂದೇ ಅವಳ ಆಸೆ. ಆದರೆ ಪುಗಸಟ್ಟೆ ಇರಲಾರಳು. ಹಾಗಾಗಿ ತನ್ನೊಳಗೇ ಒಂದು ಪಂಥ ಹಾಕಿಕೊಂಡಳು: ಈ ಹಿತ್ತಿಲು ಇಬ್ಬರಿಗೆ ಒಂದು ಹೊತ್ತಿನ ಊಟ ಕೊಟ್ಟರೆ ಉಳಿಯುವುದು, ಕೊಡದಿದ್ದರೆ ನಿಲಯಕ್ಕೆ ಹೋಗುವುದು. ಅತ್ತಿಗೆಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅತ್ತಿಗೆ ರೊಟ್ಟಿ ತಟ್ಟುವ ಮರದ ಹಲಗೆಯಲ್ಲೇ ಎರಡು ಬಿಡುತ್ತಿದ್ದಳು.

‘ಗಿಡ ಬೆಳೆಸಿ ಗೊತ್ತಿದೆಯೇನೇ ನಿನಗೆ?’ ಅತ್ತಿಗೆ ಕೇಳಿದಳು.

‘ಗುಂಡಿ ಹೊಲಿದು ಗೊತ್ತು.’

‘ಗುಂಡಿನೇ ತೋಡು ಹಾಗಾದ್ರೆ. ನಮ್ಮ ತವರಲ್ಲಿ ಗುಂಡಿ ತೋಡಿ, ಸುತ್ತ ಪಾತಿ ಕಟ್ಟಿ ಬೀಜ ಹಾಕ್ತಿದ್ರು.’

ಅತ್ತಿಗೆಯ ತವರು ಒಣ ಸೀಮೆ. ಅಲ್ಲಿ ಪಾತಿ ಕಟ್ಟುವುದೇ ಹಾಕಿದ ನೀರು ಹರಿದುಹೋಗದಿರಲಿ ಎಂದು. ಇಲ್ಲಿ ನೀರಿಗೆ ಹೋಗು ಮಾರಾಯ ಎಂದು ಕೈ ಮುಗಿದರೂ ಹೋಗುವುದಿಲ್ಲ. ಇಷ್ಟು ಸಣ್ಣ ವಿಷಯ ಇಬ್ಬರ ತಲೆಗೂ ಹೊಳೆಯಲಿಲ್ಲ. ಸೂಜಿ ಬೆನ್ನು ನೋಯಿಸಿಕೊಂಡು ಗುಂಡಿ ತೋಡಿ ಮೂಲಂಗಿ ಬೀಜ ಹಾಕಿದಳು. ಬೆಳಗಾಗುವಷ್ಟರಲ್ಲಿ ಗುಂಡಿಗಳೆಲ್ಲ ತುಂಬಿ, ಬೀಜ ಮೇಲೆ ತೇಲುತ್ತಿತ್ತು. ಒಂದರಲ್ಲಿ ಕಪ್ಪೆಯೊಂದು ಬಾಡಿಗೆಗೆ ಬಂದವರಂತೆ ನೆಮ್ಮದಿಯಾಗಿ ಕೂತಿತ್ತು.

ಬೇಲಿಯಾಚೆ ಓಣಿಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವನು ಬಸ್ಸಿನ ಕಂಡಕ್ಟರ್. ಕೊನೇ ಸ್ಟಾಪಿನಲ್ಲಿ ಬಸ್ಸು ನಿಂತಷ್ಟು ಹೊತ್ತು ಅವನು ಕೈಕಾಲು ಆಡಿಸಲು ಇಳಿಯುತ್ತಿದ್ದ. ನಾಲಿಗೆ ಮಾತ್ರ ಬಸ್ಸಿನೊಳಗೂ ಹೊರಗೂ ಸಮನಾಗಿ ಆಡುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳುವುದು ಟಿಕೆಟ್ಟಿನ ಜೊತೆ ಉಚಿತ.

‘ಸೂಜಕ್ಕಾ, ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ, ಬಿಡಬೇಡಿ.’

‘ಇಲ್ಲಿ ಕೈಗೂ ಕೆಸರು, ಬಾಯಿಗೂ ಕೆಸರೇ ಕಣಪ್ಪ,’ ಎಂದಳು ಒಳಗಿನಿಂದ ಅತ್ತಿಗೆ.

‘ಗುಂಡಿ ತೋಡಿದ್ರೆ ಇನ್ನೇನಾಗುತ್ತೆ? ಈ ಮಣ್ಣಿಗೆ ಎತ್ತರ ಬೇಕು. ಇದು ಹುಳಿ ಮಣ್ಣು ಬೇರೆ.’

‘ಹುಳಿ ಆದ್ರೆ ಉಪ್ಪು ಹಾಕಿ ನೆಕ್ಕು.’

ಕಂಡಕ್ಟರ್ ನಕ್ಕ. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ಓಡುತ್ತ ಓಡುತ್ತಲೇ ಅವನು ಕೂಗಿ ಹೇಳಿದ: ‘ಶುರುವಿಗೆ ಎರಡು ಮಡಿ ಮಾಡಿ ಸೂಜಕ್ಕಾ, ಸಾಕು. ಎತ್ತರ ಬರಲಿ.’

ಬಸ್ಸು ಹೋಯಿತು. ಹಿತ್ತಿಲು ನಡುಗಿ ಸುಮ್ಮನಾಯಿತು. ಸೂಜಿ ನಿಂತೇ ಇದ್ದಳು.

ತೋಟ ಮಾಡಿದವರ ಕಿವಿಗೆ ಅದು ಸರಳ ಮಾತು. ಎರಡು ಮಡಿ ಎಂದರೆ ಮಣ್ಣು ಏರಿಸಿ ಮಾಡಿದ, ಗಿಡ ನೆಡುವ ಎರಡು ಪಟ್ಟೆ. ಆದರೆ ಜೀವಮಾನವೆಲ್ಲ ಬಟ್ಟೆಯ ಮುಂದೆ ಕೂತವಳಿಗೆ ಎರಡು ಮಡಿ ಎಂದರೆ ಒಂದೇ ಅರ್ಥ. ಹಾಸಿದ್ದನ್ನು ಹಿಡಿದು ಅದರ ಮೇಲೇ ಮಡಿಸು. ಸೆರಗಿನ ಅಂಚು ಎರಡು ಮಡಿ, ಪ್ಯಾಂಟಿನ ಕೆಳಗಂಚು ಎರಡು ಮಡಿ. ನೆಲವನ್ನು ಮಡಿಸುವುದೇ? ಸೂಜಿ ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಹಿತ್ತಿಲನ್ನು ನೋಡಿದಳು. ಮಂಜಿನ ಅಂಚಿನಲ್ಲಿ ಅದು ಕಪ್ಪಗೆ, ಮೆತ್ತಗೆ, ಒದ್ದೆಯಾಗಿ ಹಾಸಿಕೊಂಡಿತ್ತು. ಒಗೆದು ಹಿಂಡದೆ ಹರವಿದ ಉಣ್ಣೆ ಬಟ್ಟೆಯನ್ನು ಅವಳು ಎಷ್ಟು ನೋಡಿಲ್ಲ. ಅದೂ ಹೀಗೇ ಇರುತ್ತದೆ. ಹೌದಲ್ಲ, ಮಡಿಸಿದರೆ ದಪ್ಪ ಬರುತ್ತದೆ, ದಪ್ಪ ಬಂದರೆ ಎತ್ತರ ಬರುತ್ತದೆ. ಈ ಕಂಡಕ್ಟರಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತು ಎಂದುಕೊಂಡಳು.

ಮಾರನೆಯ ದಿನ ಅತ್ತಿಗೆ ಕೆಲಸಕ್ಕೆ ಹೋದ ಮೇಲೆ ಶುರು ಮಾಡಿದಳು. ಇಬ್ಬನಿ ಇನ್ನೂ ಎದ್ದಿರಲಿಲ್ಲ. ಬೇಲಿ ಇಲ್ಲ, ಓಣಿ ಇಲ್ಲ, ಆಕಾಶ ಎಲ್ಲಿ ಮುಗಿಯಿತು ನೆಲ ಎಲ್ಲಿ ಶುರುವಾಯಿತು ಎಂಬುದಿಲ್ಲ. ಎಲ್ಲರಿಗೂ ಅವಳ ಕಣ್ಣೇ ಬಂದುಬಿಟ್ಟಂಥ ಬೆಳಗು. ಅದರಿಂದ ಅವಳಿಗೆ ಒಂಥರಾ ಧೈರ್ಯ ಬಂತು. ದಾರವನ್ನು ಮೈದಾಹಿಟ್ಟಿನಲ್ಲಿ ಅದ್ದಿ ನೆಲದ ಮೇಲೆ ಎಳೆದು ಹಿಡಿದು ಮಿಡಿದಳು. ಹುಲ್ಲಿನ ಮೇಲೆ ಬಿಳಿ ಗೆರೆ ಬಿತ್ತು. ಬೆರಳಲ್ಲಿ ಗೆರೆ ಸವರುತ್ತ, ಬೇಕರಿಯ ಉದ್ದನೆಯ ಹಳೇ ಚಾಕುವಿನಿಂದ ಹುಲ್ಲುಹಾಸನ್ನು ಮೂರು ಕಡೆ ಕತ್ತರಿಸಿದಳು, ನಾಲ್ಕನೆಯ ಕಡೆ ಕತ್ತರಿಸದೆ ಬಿಟ್ಟಳು. ಆಮೇಲೆ ಸಲಿಕೆಯನ್ನು ಅಡಿಗೆ ತೂರಿಸಿ, ನೆಲದ ಅಂಚು ಹಿಡಿದು ಎತ್ತಿದಳು.

ನೆಲ ಎದ್ದು ಬಂತು. ಬೇರುಗಳು ಚರಚರ ಎಂದವು, ನೀರು ನಿಟ್ಟುಸಿರು ಬಿಟ್ಟಿತು, ಮೊಳದಷ್ಟು ಅಗಲದ ನೆಲ ಹುಲ್ಲುಸಮೇತ ಎದ್ದು ಬಂದು, ಪಕ್ಕದ ಹುಲ್ಲಿನ ಮೇಲೆ ಹೊರಳಿ ಬಿದ್ದು, ಹೊಟ್ಟೆ ಮೇಲೆ ಮಾಡಿ ಮಲಗಿತು. ಸೂಜಿ ಮೊಣಕಾಲೂರಿ ಎರಡೂ ಕೈಯಿಂದ ಅದನ್ನು ಒತ್ತಿ ನೀವಿದಳು. ಎಷ್ಟು ತಿಂಗಳಾಗಿತ್ತು ಹೀಗೆ ಒಂದು ಮಡಿಕೆಯನ್ನು ನೀವಿ. ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ ಎಂದು ಒರೆಸಲಿಲ್ಲ. ಆ ಬದಿ ಮುಗಿಸಿ ಎದುರು ಬದಿಯಿಂದಲೂ ಹಾಗೇ ಕತ್ತರಿಸಿ ಮಡಿಸಿದಳು. ಎರಡು ಮಡಿಕೆ ಮುಖಕ್ಕೆ ಮುಖ ಕೊಟ್ಟು ನಡುವೆ ಒಂದು ಹೊಲಿಗೆ ಗೆರೆಯಲ್ಲಿ ಕೂಡಿದವು. ನೆಲ ಎದ್ದು ಹೋದ ಕಡೆ ಎರಡೂ ಬದಿಗೆ ಕಾಲುವೆಯಾಗಿ, ಕಂದು ನೀರು ಆತುರವಿಲ್ಲದೆ ಬಂದು ಅದರಲ್ಲಿ ಕೂತಿತು.

ಮಧ್ಯಾಹ್ನ ಕೈಕಾಲು ತೊಳೆಯುವ ತ್ರಾಣವೂ ಇಲ್ಲದೆ ಅಡುಗೆಮನೆಯ ಬೆಂಚಿನ ಮೇಲೆ ಉರುಳಿದಳು. ಕನಸು ಬಿತ್ತು. ಕನಸಿನಲ್ಲಿ ಹಿತ್ತಿಲು ಕರಿ ಉಣ್ಣೆಯ ದೊಡ್ಡ ಕೋಟಾಗಿತ್ತು. ಅದನ್ನು ತೊಟ್ಟುಕೊಂಡೇ ಯಾರೋ ಮಲಗಿದ್ದರು. ಎಷ್ಟು ದೊಡ್ಡವರೆಂದರೆ ಸೂಜಿ ಅವರ ತೋಳಿನ ಮೇಲೆ ನಡೆದಷ್ಟೂ ತೋಳು ಮುಗಿಯುತ್ತಿರಲಿಲ್ಲ. ಅವರಿಗೆ ಎಚ್ಚರವಾಗದ ಹಾಗೆ ಕೋಟಿನ ಅಂಚು ಮಡಿಸಿಕೊಂಡು ಹೋಗಬೇಕಿತ್ತು. ಅಳತೆ ಟೇಪು ಎಳೆದಷ್ಟೂ ಬರುತ್ತಿತ್ತು. ದೂರದಲ್ಲಿ ಬಸ್ಸು ಬಂದಾಗ ಮಲಗಿದ್ದವರು ಮಗ್ಗುಲು ಬದಲಿಸಿ, ನಿದ್ದೆಯಲ್ಲೇ ‘ಸ್ವಲ್ಪ ಸಡಿಲ ಇರಲಿ’ ಎಂದರು. ‘ಆಗಲಿ, ಸಡಿಲವೇ ಇಟ್ಟಿದೀನಿ’ ಎಂದಳು ಸೂಜಿ. ಎಚ್ಚರವಾದಾಗ ಎದೆಯ ಮೇಲೆ ಅವಳ ಬೆರಳುಗಳು ಇನ್ನೂ ಏನನ್ನೋ ಮಡಿಸುತ್ತಿದ್ದವು.

ಸಂಜೆ ಬಸ್ಸಿಳಿದು ಅತ್ತಿಗೆಯೂ ಕಂಡಕ್ಟರೂ ಒಟ್ಟಿಗೇ ಬೇಲಿಯ ಬಳಿ ಬಂದರು. ಕಂಡಕ್ಟರ್ ನೋಡಿದ, ಮತ್ತೊಮ್ಮೆ ನೋಡಿದ, ಬೇಲಿ ಹಿಡಿದುಕೊಂಡು ಕೆಮ್ಮು ಬರುವಷ್ಟು ನಕ್ಕ.

‘ಸೂಜಕ್ಕಾ, ಎರಡು ಮಡಿ ಅಂದ್ರೆ ಎರಡು ಪಟ್ಟೆ ರೀ. ನೀವು ನೆಲಾನೇ ಮಡಿಸಿ ಇಟ್ಟಿದೀರಲ್ಲ. ಇಸ್ತ್ರಿನೂ ಮಾಡಿದೀರಾ?’

ಅತ್ತಿಗೆಗೂ ನಗು ತಡೆಯಲಾಗಲಿಲ್ಲ. ಸೂಜಿಯ ಮುಖ ಸಣ್ಣಗಾಯಿತು. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕ ಉತ್ತರ ಕೊಡುತ್ತಿದ್ದಳು. ಈಗ ಅಂಗೈ ತುಂಬ ಬೊಬ್ಬೆ, ಸೊಂಟ ಹಿಡಿದಿದೆ, ಮಾಡಿದ್ದೆಲ್ಲ ಹುಚ್ಚು ಕೆಲಸವಾಯಿತಲ್ಲ. ‘ನಗ್ರಿ, ನಗ್ರಿ. ಕಣ್ಣಿಲ್ಲದವಳು ಮಾಡಿದ್ದು ನೋಡಿ ಕಣ್ಣಿರೋರು ನಗದೆ ಇನ್ನೇನು’ ಎಂದು ಒಳಗೆ ಹೋದಳು.

ಅತ್ತಿಗೆಯ ನಗು ಅಲ್ಲಿಗೇ ನಿಂತಿತು. ಕ್ಷಮಿಸು ಗಿಮಿಸು ಎನ್ನುವುದು ಅವಳ ನಾಲಿಗೆಗೆ ಹೊರಳದ ಮಾತು. ಆದರೆ ಮರುದಿನ ಬೇಕರಿಯ ಒಲೆಯ ಬೂದಿಯನ್ನು ಹಿಟ್ಟಿನ ಚೀಲದಲ್ಲಿ ತುಂಬಿಕೊಂಡು, ಬಸ್ಸಿನಲ್ಲಿ ಪಕ್ಕದವರ ಬಟ್ಟೆಗೆಲ್ಲ ಬಳಿದು, ಹೊತ್ತು ತಂದಳು. ಜೊತೆಗೆ ಉಗ್ರಾಣದ ಮೂಲೆಯಲ್ಲಿ ಮೊಳಕೆ ಬಂದು ಯಾರಿಗೂ ಬೇಡವಾಗಿದ್ದ ಆಲೂಗಡ್ಡೆ.

‘ಮಡಿಸಿದ್ದು ಮಡಿಸಿದೀಯ, ಬಿಚ್ಚೋಕೆ ನನ್ನ ಕೈಲಾಗಲ್ಲ,’ ಎಂದಳು. ‘ಹುಳಿಗೆ ಬೂದಿ ಒಳ್ಳೇದಂತೆ. ಇವನ್ನ ಹಾಕಿ ನೋಡು. ಬಂದ್ರೆ ಬಂತು, ಹೋದ್ರೆ ಕಸಕ್ಕೆ ಹೋಗೋದು ಹಿತ್ತಿಲಿಗೆ ಹೋಯ್ತು.’

ಇಬ್ಬರೂ ಸೇರಿ ನೆಟ್ಟರು. ಅತ್ತಿಗೆ ಚಾಕುವಿನಿಂದ ಸೀಳು ಮಾಡುವುದು, ಸೂಜಿ ಮೊಳಕೆ ಮುರಿಯದಂತೆ ಬೆರಳಲ್ಲಿ ತಡವಿ ನೋಡಿ ಒಳಗಿಡುವುದು, ಮೇಲೆ ಬೂದಿ. ಅಂಗಿಯ ಗುಂಡಿಯನ್ನು ಕಿಸೆಯೊಳಗಿಟ್ಟಂತೆ ಸೂಜಿ ಒಂದೊಂದನ್ನೂ ಇಟ್ಟು ಒಮ್ಮೆ ತಟ್ಟಿದಳು.

ಆಮೇಲಿನ ದಿನಗಳು ಹೇಗೆ ಹೋದವೋ ಸೂಜಿಗೆ ಸರಿಯಾಗಿ ನೆನಪಿಲ್ಲ. ನೆಲದ ಜೊತೆ ಅವಳೂ ನೆನೆದು ಮೆತ್ತಗಾದಂತಿತ್ತು. ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಕಾಲುವೆಯ ಅಂಚಿಗೆ ಹೋಗಿ ಕೂರುವಳು. ನೀರಿನಲ್ಲಿ ಏನೋ ಗುಳ್ಳೆ ಬಿಡುವುದು, ಹುಲ್ಲಿನಲ್ಲಿ ಏನೋ ಟಿಕ್ ಟಿಕ್ ಎನ್ನುವುದು. ಒದ್ದೆ ನೆಲ ಬಿಸಿಲಿಗೆ ಆವಿ ಬಿಟ್ಟು, ಆ ಆವಿ ಅವಳ ಕಣ್ಣಿನ ಮಂಜಿನೊಂದಿಗೆ ಸೇರಿಹೋಗಿ, ಕೂತವಳು ತಾನೋ ತೂಗುತ್ತಿರುವುದು ನೆಲವೋ ಎಂದು ತಿಳಿಯದಾಗುವುದು. ಒಂದು ಬೆಳಗ್ಗೆ ಕೈಯಾಡಿಸಿದಾಗ ಕಪ್ಪು ಮಣ್ಣಿನ ಮೇಲೆ ಮೊಲದ ಕಿವಿಯಂಥ ಎಳೆಯೆಲೆ ತಗುಲಿತು. ನೇರವಾಗಿ ನೋಡಿದಳು, ಕಾಣಲಿಲ್ಲ. ಪಕ್ಕಕ್ಕೆ ನೋಡಿದಳು, ಸಾಲಿಗೆ ಸಾಲೇ ಹಸಿರು. ತಡವುತ್ತ ತಡವುತ್ತ ತುದಿಯವರೆಗೂ ಹೋಗಿಬಂದಳು. ನೀರು ಕಾಲುವೆಯಲ್ಲಿ, ಬೇರು ಮಡಿಕೆಯಲ್ಲಿ, ಅಡಿಗೆ ಸಿಕ್ಕ ಹುಲ್ಲು ಬೆಚ್ಚಗೆ ಕೊಳೆತು ಗೊಬ್ಬರ. ಆ ನೆಲಕ್ಕೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲವೇ ಇಲ್ಲವೆಂದು ಆಮೇಲೆ ಎಲ್ಲರೂ ಹೇಳಿದರು. ಕಂಡಕ್ಟರಂತೂ ‘ನಾನು ಹೇಳಿದ್ದೇ ಇದು’ ಎಂದು ಬಸ್ಸಿನಲ್ಲೆಲ್ಲ ಸಾರಿದ.

ಹೂ ಬಿಟ್ಟ ಮೇಲೆ ಒಂದು ಸಂಜೆ ನಿಲಯದಿಂದ ಮತ್ತೆ ಫೋನು ಬಂತು. ‘ಏನು ತೀರ್ಮಾನ ಮಾಡಿದಿರಿ?’

ಪಂಥದ ಮಾತನ್ನು ಪರರಿಗೆ ಹೇಳುವುದುಂಟೆ? ಸೂಜಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿದಳು: ‘ಬೆಳೆ ಕೈಗೆ ಬರಲಿ, ಆಮೇಲೆ ಹೇಳ್ತೀನಿ. ಕೋಣೆ ಹಾಗೇ ಇಟ್ಟಿರಿ.’

ಫೋನಿಟ್ಟು ತಿರುಗಿದಾಗ ಬಾಗಿಲಲ್ಲಿ ಹಿಟ್ಟಿನ ವಾಸನೆ. ಅತ್ತಿಗೆ ಒಂದು ಬೂಟು ಕಳಚಿ, ಇನ್ನೊಂದು ಕಳಚದೆ ನಿಂತಿದ್ದಳು.

‘ಯಾರದ್ದು?’

‘ಪಟ್ಟಣದವರದ್ದು.’

ಅತ್ತಿಗೆ ಮತ್ತೇನೂ ಕೇಳಲಿಲ್ಲ. ಕೇಳದ ಅತ್ತಿಗೆಯನ್ನು ಸೂಜಿ ಕಂಡದ್ದು ಅದೇ ಮೊದಲು. ಆಯಾಸವಾಗಿರಬೇಕು ಎಂದುಕೊಂಡಳು.

ಅಂದಿನಿಂದ ಅತ್ತಿಗೆ ಬದಲಾದಳು. ಗಿಡ ಹಳದಿಯಾಗಿ ಬಾಡಿತು, ಅಗೆಯುವ ಹೊತ್ತಾಯಿತು. ‘ಇನ್ನೂ ಬಲೀಲಿ’ ಎಂದಳು ಅತ್ತಿಗೆ. ಗಿಡ ಒಣಗಿ ಮಲಗಿತು. ‘ಅವಸರವೇ ಅಪಘಾತಕ್ಕೆ ಕಾರಣ, ಬಸ್ಸಲ್ಲೇ ಬರೆದಿರ್ತಾರೆ’ ಎಂದಳು. ಕಂಡಕ್ಟರ್ ಬೇಲಿಯಿಂದ ‘ಅಗೀರಿ, ಮಳೆ ಬಂದ್ರೆ ಕೆಟ್ಟೀರಿ’ ಎಂದು ಕೂಗಿದರೆ, ‘ನೀನು ಟಿಕೆಟ್ ಹರೀ ಹೋಗು’ ಎಂದು ಗದರಿಸಿದಳು. ಸಲಿಕೆ ಇಟ್ಟ ಜಾಗದಲ್ಲಿ ಇರಲಿಲ್ಲ. ಕೇಳಿದರೆ, ‘ಬೇಕರಿಯವರು ಕೇಳಿದ್ರು, ಕೊಟ್ಟೆ.’ ರೊಟ್ಟಿ ಮಾಡುವವರಿಗೆ ಸಲಿಕೆ ಯಾಕೆ ಎಂದು ಸೂಜಿಗೆ ಅರ್ಥವಾಗಲಿಲ್ಲ. ಒಂದು ಅರ್ಥ ಹೊಳೆಯಿತು, ಹೊಳೆದದ್ದು ಮುಳ್ಳಿನಂತೆ ಚುಚ್ಚಿತು: ಇವಳಿಗೆ ನನ್ನ ಬೆಳೆ ಬೇಡವಾಗಿದೆ. ಬೆಳೆದರೆ ಇಲ್ಲೇ ಬೇರುಬಿಡುತ್ತಾಳೆ ಎಂದು ಹೆದರಿದ್ದಾಳೆ. ಅತ್ತಿಗೆ ಎಷ್ಟಾದರೂ ಅತ್ತಿಗೆಯೇ. ಆ ಯೋಚನೆ ಬಂದಂದು ಸೂಜಿ ಊಟ ಬಿಟ್ಟಳು, ಹಲ್ಲು ನೋವು ಎಂದಳು.

ಮಳೆ ಬಂತು. ಗದ್ದಲದ ಮಳೆಯಲ್ಲ, ಸದ್ದಿಲ್ಲದೆ ಇಳಿಯುತ್ತಲೇ ಇರುವ ಮಳೆ. ಕಿಟಕಿಯಾಚೆ ಲೋಕ ಕರಗಿ ಬೂದುಬಣ್ಣವಾಯಿತು. ಸೂಜಿ ಮಲಗಿದಲ್ಲಿಂದಲೇ ಕಾಲುವೆ ತುಂಬುವುದನ್ನು ಕೇಳಿಸಿಕೊಂಡಳು. ಮೊದಲು ತೊಟ್ಟಿಕ್ಕುತ್ತಿತ್ತು, ಆಮೇಲೆ ತೊದಲುತ್ತಿತ್ತು, ಕಡೆಗೆ ಅದರ ಮಾತೇ ನಿಂತಿತು. ನೀರು ಮಾತು ನಿಲ್ಲಿಸಿತೆಂದರೆ ಅಂಚಿಗೆ ಬಂತು ಎಂದರ್ಥ. ಅತ್ತಿಗೆ ಬೇಕರಿಗೆ ಹೋಗಿದ್ದಳು. ಸೂಜಿ ಎದ್ದು, ಮಳೆಯಲ್ಲೇ ಹೋಗಿ, ಮಡಿಕೆಯ ಅಂಚಿನಲ್ಲಿ ಮೊಣಕಾಲೂರಿ ಬರಿಗೈಯಲ್ಲಿ ಮಣ್ಣು ಕೆದಕಿದಳು.

ಮೊದಲನೆಯದು ಬೆರಳಿಗೆ ಸಿಕ್ಕಿತು. ಹಿಡಿದದ್ದೇ ತಡ ಪಿಚಕ್ಕೆಂದು ಕೈಯಲ್ಲೇ ಅಂಬಲಿಯಾಯಿತು. ವಾಸನೆ ಮೂಗಿಗೆ ಬಡಿಯಿತು. ಇನ್ನೊಂದೂ ಹಾಗೇ, ಅದರ ಪಕ್ಕದ್ದೂ ಹಾಗೇ. ಕಾಲುವೆಯ ಅಂಚಿನುದ್ದಕ್ಕೂ ತಡವಿಕೊಂಡು ಹೋದಳು, ಗಟ್ಟಿಯಾದದ್ದು ಒಂದೂ ಸಿಗಲಿಲ್ಲ. ಸೂಜಿ ಅಲ್ಲೇ ಕೂತುಬಿಟ್ಟಳು. ಅಳು ಬರಲಿಲ್ಲ. ನೆಲ ಉತ್ತರ ಕೊಟ್ಟಿತ್ತು, ಪಂಥ ಪಂಥವೇ. ಫಿನಾಯಿಲ್ ವಾಸನೆಯ ಪಡಸಾಲೆಯ ಗೋಡೆ ಅವಳ ಬೆನ್ನಿಗೆ ಆಗಲೇ ತಾಗಿದಂತಾಯಿತು.

ಬಸ್ಸು ಬಂತು, ನೆಲ ನಡುಗಿತು. ಸ್ವಲ್ಪ ಹೊತ್ತಿಗೆ ಗಂಬೂಟುಗಳು ಗುಳುಕ್ ಗುಳುಕ್ ಎಂದು ಹತ್ತಿರ ಬಂದು ನಿಂತವು.

‘ಮಳೇಲಿ ಏನೇ ಇದು? ಏನಾಯ್ತು?’

‘ಕೊಳೆತುಹೋಯ್ತು ಅತ್ತಿಗೆ.’

‘ಎಲ್ಲಾನೂ?’

‘ಎಲ್ಲಾನೂ.’

ಅತ್ತಿಗೆ ಒಂದು ಉದ್ದನೆಯ ಉಸಿರು ಬಿಟ್ಟಳು. ‘ಒಳ್ಳೇದಾಯ್ತು ಬಿಡು,’ ಎಂದಳು.

ಹಾಗಾದರೆ ಸೂಜಿ ಅಂದುಕೊಂಡದ್ದು ನಿಜವೇ. ಅವಳು ಕೆಸರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅತ್ತಿಗೆಯ ಮುಖ ಕಾಣದಿರಲೆಂದೇ ನೇರವಾಗಿ ಮುಖವನ್ನೇ ನೋಡಿದಳು. ಅಲ್ಲಿ ಬರೀ ಮಂಜು.

‘ನಿಮಗೆ ಅಷ್ಟು ಭಾರ ಆಗಿದ್ರೆ ಮೊದಲೇ ಹೇಳಬಾರದಿತ್ತಾ? ನಾಳೆನೇ ಹೋಗ್ತೀನಿ ಬಿಡಿ. ಕೋಣೆ ಕಾಯ್ತಾ ಇದೆ.’

‘ಕೊಳೆತ ಮೇಲೂ ಹೋಗ್ತೀಯಾ?’

ಆ ಪ್ರಶ್ನೆಯ ದನಿ ಬೇರೆಯಾಗಿತ್ತು.

‘ಅಂದ್ರೆ?’

‘ಬೆಳೆ ಕೈಗೆ ಬರಲಿ, ಆಮೇಲೆ ಬರ್ತೀನಿ, ಕೋಣೆ ಹಾಗೇ ಇಡಿ ಅಂತ ಹೇಳಿದವಳು ನೀನೇ ಅಲ್ವಾ? ನನ್ನ ಕಿವಿಯಾರೆ ಕೇಳಿದೀನಿ. ನನ್ನ ಹಂಗು ತೀರಿಸಿ ಹೋಗೋಕೆ ಅಂತಾನೇ ನೀನು ಇದನ್ನ ಬೆಳೀತಿದೀಯ ಅಂತ ಗೊತ್ತಾಯ್ತು. ಬೆಳೆ ಬರದೇ ಇದ್ರೆ ಹೋಗಲ್ವಲ್ಲ ಅಂತ... ಸಲಿಕೆ ಎಲ್ಲೂ ಹೋಗಿಲ್ಲ. ನನ್ನ ಮಂಚದ ಕೆಳಗಿದೆ. ನಾನೇ ಕೊಳೆಸಿದ್ದು. ಬಯ್ಯಿ, ಏನು ಬಯ್ತೀಯೋ ಬಯ್ಯಿ.’

ಮಳೆ ಇಬ್ಬರ ತಲೆಯ ಮೇಲೂ ಸುರಿಯುತ್ತಿತ್ತು. ಸೂಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ‘ಬರ್ತೀನಿ ಅಂದಿಲ್ಲ ಅತ್ತಿಗೆ. ಹೇಳ್ತೀನಿ ಅಂದೆ,’ ಎಂದಳು ನಿಧಾನವಾಗಿ. ‘ಬೆಳೆ ಬಂದ್ರೆ ಇಲ್ಲೇ ಇರೋದು ಅಂತಿತ್ತು. ಬರದೇ ಇದ್ರೆ ಹೋಗೋದು. ಕೂತು ತಿನ್ನೋಕೆ ನನಗೆ ಆಗ್ತಿರಲಿಲ್ಲ.’

ಅತ್ತಿಗೆ ಆ ದಪ್ಪ ಮೈಯನ್ನು ಕಷ್ಟಪಟ್ಟು ಬಗ್ಗಿಸಿ ಕೆಸರಿನಲ್ಲಿ ಸೂಜಿಯ ಪಕ್ಕ ಕೂತಳು.

‘ಯಾರೇ ನಿನ್ನ ತುತ್ತು ಎಣಿಸಿದವರು?’ ಎಂದಳು. ‘ನಿಮ್ಮಣ್ಣ ಹೋದ ಮೇಲೆ ದಿನಾ ಕತ್ತಲಾದ ಮನೆಗೆ ಬಂದು, ಗೋಡೆ ತಡವಿ ಸ್ವಿಚ್ ಹುಡುಕಿ ನಾನೇ ದೀಪ ಹಾಕ್ಕೋಬೇಕಿತ್ತು. ನೀನು ಬಂದ ಮೇಲೆ ಬಸ್ಸಿಳಿಯೋವಾಗಲೇ ಕಿಟಕೀಲಿ ಬೆಳಕು ಕಾಣುತ್ತೆ. ನಿನಗೆ ದೀಪ ಇದ್ರೂ ಒಂದೇ ಇಲ್ದಿದ್ರೂ ಒಂದೇ. ನನಗೋಸ್ಕರ ಹಾಕಿರ್ತೀಯ. ನನಗೆ ಅಷ್ಟು ಸಾಕಾಗಿತ್ತು ಕಣೇ. ಆಲೂಗಡ್ಡೆ ನನಗೆ ಯಾಕೆ? ಅಂಗಡೀಲಿ ಸಿಗಲ್ವಾ?’

ಸೂಜಿಯ ಕೈ ತನ್ನ ಪಾಡಿಗೆ ತಾನು ಮಡಿಕೆಯ ಮೇಲೆ ಹರಿದಾಡಿತು. ಅಂಚು ಬಿಟ್ಟು ಮೇಲಕ್ಕೆ, ಎರಡು ಮಡಿಕೆ ಕೂಡುವ ನಡುಗೆರೆಗೆ ಬಂತು. ಅಲ್ಲಿ ಮಣ್ಣು ಎತ್ತರವಿತ್ತು, ಸಡಿಲವಿತ್ತು, ಮುಟ್ಟಿದರೆ ಅಷ್ಟು ಒದ್ದೆಯೂ ಇರಲಿಲ್ಲ. ಬೆರಳು ಒಳಗೆ ಹೋಯಿತು. ತಣ್ಣಗೆ, ದುಂಡಗೆ, ಕಲ್ಲಿನಷ್ಟು ಗಟ್ಟಿಯಾದದ್ದೊಂದು ತಗುಲಿತು. ಅದುಮಿ ನೋಡಿದಳು, ಕಲ್ಲಲ್ಲ. ಎಳೆದು ತೆಗೆದು ಮಳೆನೀರಿಗೆ ಹಿಡಿದಳು, ಸಿಪ್ಪೆ ನುಣುಪಾಗಿತ್ತು. ಅದನ್ನು ಅತ್ತಿಗೆಯ ಮಡಿಲಲ್ಲಿಟ್ಟಳು. ಮತ್ತೆ ಕೈ ಹಾಕಿದಳು, ಇನ್ನೊಂದು ಬಂತು. ಅದರ ಬೆನ್ನಿಗೇ ಜೋಡಿ.

ಅತ್ತಿಗೆ ಮಡಿಲು ನೋಡಿದಳು, ನಡುಗೆರೆಯುದ್ದಕ್ಕೂ ನೋಡಿದಳು, ಗಬಕ್ಕನೆ ಸೂಜಿಯ ಮಣಿಕಟ್ಟು ಹಿಡಿದುಕೊಂಡಳು. ಎಲ್ಲ ಮಾತೂ ಆದ ಮೇಲೆಯೂ ಬೆಳೆಯ ಭಯ ಅವಳನ್ನು ಬಿಟ್ಟಿರಲಿಲ್ಲ.

‘ಸಾಕು ಸೂಜೀ, ಇನ್ನು ತೆಗೀಬೇಡ.’

‘ತೆಗೆದ್ರೂ ಹೋಗಲ್ಲ ಅತ್ತಿಗೆ.’

ಅತ್ತಿಗೆ ಮಣಿಕಟ್ಟು ಬಿಟ್ಟಳು. ಸೂಜಿ ಮತ್ತೆ ಮಣ್ಣಿಗೆ ಕೈ ಹಾಕಿದಳು.